ಐದಕ್ಕೆ ಮೂರರ ಲೆಕ್ಕ

ಮನುಷ್ಯರೆಲ್ಲ ಸಮಾನರೆಂದು 1776ರ ಅಮೆರಿಕನ್ ಘೋಷಣೆ ಸಾರಿತು. ಬರೆದ ಜೆಫರ್ಸನ್ ಸಾಯೋವರೆಗೂ ಗುಲಾಮರ ಒಡೆಯ. 1787ರ ಸಂವಿಧಾನ, ರಾಜ್ಯಗಳಿಗೆ ಪ್ರತಿನಿಧಿಗಳನ್ನು ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸಿತು, ಅವರಿಗೆ ಓಟಿಲ್ಲ. ತಲೆ ಕರಿಯನದು, ಬಲ ಒಡೆಯನದು.

ಈ ಲೆಕ್ಕ ನಮಗೆ ಹೊಸದಾ? ಓಟಿನ ದಿನ ಎಣಿಕೆಗೆ ಸಿಕ್ಕ ಹುಲಿಕುಂಟೆ ಸೀಮೆಯ ಕೇರಿಯವನು, ಮಾರನೇ ದಿನ ಗುಡಿ ಬಾಗಿಲಲ್ಲಿ, ಹೋಟ್ಲಿನ ಲೋಟದ ಮುಂದೆ ಎಷ್ಟು ಪಾಲು ಮನುಷ್ಯ?

ಹಾಗಂತ ಆ ಘೋಷಣೆಯನ್ನು ತಿಪ್ಪೆಗೆ ಎಸೆಯೋದು ಬೇಡ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1852ರಲ್ಲಿ ಅದನ್ನೇ ಹಿಡಿದು ಬಿಳಿಯರನ್ನು ಪ್ರಶ್ನಿಸಿದ. ಕೊಲಂಬಿಯಾದಲ್ಲಿ ಜಾನ್ ಡ್ಯೂಯಿ ಬಳಿ ಓದಿದ ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯನ್ನೇ ಎಚ್ಚರಿಸಿದರು: ಓಟಿನಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಹೀಗೇ ಮುಂದುವರಿದರೆ ನೊಂದವರು ಈ ಕಟ್ಟಡವನ್ನೇ ಕೆಡವುತ್ತಾರೆ.

ಮೇಷ್ಟ್ರೇ, ಪೌರನೀತಿ ಪಾಠದಲ್ಲಿ ಇದನ್ನೂ ಹೇಳಿ. ಮಾತು ಕೊಟ್ಟವನು ಒಡೆಯನೇ ಇರಲಿ, ಅದನ್ನು ವಸೂಲು ಮಾಡಬೇಕಾದವರು ನಾವು.