ಗುಣವಾಗಿ ಬಂದ ಕಾವೇರಿ

ತ್ರಿವೇಣಿಯವರ 'ಶರಪಂಜರ' ಓದಿ ಕಣ್ಣೊರೆಸಿಕೊಳ್ಳದ ಹೆಂಗಸರು ನಮ್ಮ ಹಾಸನದ ಕಡೆ ಕಡಿಮೆ. ಓದದವರು 1971ರಲ್ಲಿ ಪುಟ್ಟಣ್ಣ ಕಣಗಾಲರು ತೆಗೆದ ಸಿನಿಮಾ ನೋಡಿ ಕಲ್ಪನಾಗಾಗಿ ಅತ್ತರು. ಬಾಣಂತಿತನದಲ್ಲಿ ಮನಸ್ಸು ಕದಡಿದ ಹೆಣ್ಣಿನ ಕಥೆ, ಪಾಪ, ಎಂದು ಪುಸ್ತಕ ಮುಚ್ಚಿಬಿಡುತ್ತೇವೆ. ನನಗೆ ಮಾತ್ರ ಅದು ಕಾಯಿಲೆಯ ಕಥೆ ಎನ್ನಿಸಿಲ್ಲ. ಕಾಯಿಲೆ ವಾಸಿಯಾದ ಮೇಲಿನ ಕಥೆ. ಗುಣವಾಗಿ ಬಂದ ಕಾವೇರಿಯನ್ನು ಮನೆಯಾಗಲಿ ನೆರೆಹೊರೆಯಾಗಲಿ ನಂಬುವುದಿಲ್ಲ. ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಗಂಡನೂ ದೂರವಾಗುತ್ತಾನೆ. ವಾಸಿಯಾದ ಮನಸ್ಸನ್ನು ಮತ್ತೆ ಕೆಡಿಸುವುದು ಈ ನೋಟಗಳೇ ಎಂಬುದನ್ನು, 1963ರಲ್ಲೇ ತೀರಿಕೊಂಡ ಲೇಖಕಿ ಅಷ್ಟು ಹಿಂದೆಯೇ ಕಂಡಿದ್ದರು.

ಈ ಕಾದಂಬರಿಯ ಮಾತು ಬಂದಾಗಲೆಲ್ಲ ಗೆಳತಿಯರು ಹೇಳುವುದೊಂದೇ: "ಕಾವೇರಿಗೆ ಸಂಬಳ ಬರೋ ಒಂದು ಕೆಲಸ ಇದ್ದಿದ್ರೆ ಹೀಗಾಗ್ತಿರಲಿಲ್ಲ ಕಣೇ." ನಾನು ಒಪ್ಪುವುದಿಲ್ಲ.

ನನಗೆ ಗೊತ್ತಿರುವ ಒಬ್ಬಾಕೆ ನಮ್ಮ ಜಿಲ್ಲೆಯದೇ ಒಂದು ಕಛೇರಿಯಲ್ಲಿ ಗುಮಾಸ್ತೆ. ಎರಡು ತಿಂಗಳು ಚಿಕಿತ್ಸೆ ಪಡೆದು ಮರಳಿದಾಗ ಕುರ್ಚಿ ಅಲ್ಲೇ ಇತ್ತು, ಕ್ಯಾಶ್‌ಬುಕ್ಕು ಮಾತ್ರ ಬೇರೆ ಮೇಜಿಗೆ ಹೋಗಿತ್ತು. "ನಿಮಗ್ಯಾಕಮ್ಮ ತೊಂದರೆ, ಆರಾಮಾಗಿ ಕೂತ್ಕೊಳ್ಳಿ" ಎಂದರಂತೆ ಸಾಹೇಬರು. ಬೈದಿದ್ದರೆ ತಿರುಗಿ ಒಂದು ಮಾತಾಡಬಹುದಿತ್ತು. ಕರುಣೆಗೆ ಏನು ಹೇಳುವುದು? ಲಕೋಟೆ ಅಂಟಿಸುತ್ತ ಕೂತಳು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಪಕ್ಕದ ಕುರ್ಚಿ ಖಾಲಿ. ವಿಳಾಸ ತಪ್ಪಿದರೆ ಬೇರೆಯವರದು ಕೈತಪ್ಪು, ಇವಳದಾದರೆ "ಇನ್ನೂ ಸರಿಹೋಗಿಲ್ಲ." ಸಂಬಳವೇನೋ ಒಂದನೇ ತಾರೀಕಿಗೆ ತಪ್ಪದೆ ಬರುತ್ತಿತ್ತು.

ಕಾನೂನು ಇಲ್ಲದಿಲ್ಲ. ಸರ್ಕಾರಿ ನೌಕರಿಯಲ್ಲಿದ್ದಾಗ ವೈಕಲ್ಯ ಬಂದವರನ್ನು ತೆಗೆಯಬಾರದು, ದರ್ಜೆ ಇಳಿಸಬಾರದು ಎನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದರ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗುಟ್ಟು ಕಾಯಬೇಕೆನ್ನುತ್ತದೆ. ಆದರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ಊರುಗಳಲ್ಲಿ ಗುಟ್ಟು ಎಷ್ಟು ಹೊತ್ತು ನಿಂತೀತು? ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರನ್ನು ಕರೆತರುವ 'ಮನೋಚೈತನ್ಯ' ಕಾರ್ಯಕ್ರಮ ಶುರುವಾದದ್ದು ಒಳ್ಳೆಯದೇ ಆಯಿತು, ಪ್ರತಿಯೊಂದಕ್ಕೂ ಬೆಂಗಳೂರಿನ ನಿಮ್ಹಾನ್ಸ್‌ಗೆ ಓಡಬೇಕಿಲ್ಲ. ಆದರೆ ತಿಂಗಳು ತಿಂಗಳೂ ಮಂಗಳವಾರವೇ ಅರ್ಧ ದಿನ ರಜೆ ಕೇಳಿದರೆ ಕಛೇರಿಗೆ ತಿಳಿಯದೇ? ರಜೆ ಚೀಟಿಯಲ್ಲಿ 'ಹೊಟ್ಟೆನೋವು' ಎಂದು ಬರೆಯುವುದನ್ನು ನಮ್ಮ ಹೆಂಗಸರು ಕಲಿತದ್ದೇ ಹೀಗೆ. ಬೆಳಗಿನ ಬಸ್ಸು ಹಿಡಿದು ಹಾಸನದ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯರಿಗಂತೂ ಒಂದು ದಿನ ತಪ್ಪಿದರೆ ಒಂದು ದಿನದ ಕೂಲಿಗೇ ಕತ್ತರಿ. ಅವರು ಹೊಟ್ಟೆನೋವನ್ನೂ ಹೇಳುವುದಿಲ್ಲ. 2022ರಲ್ಲಿ ಶುರುವಾದ ಟೆಲಿ ಮಾನಸ್‌ಗೆ 14416 ಒತ್ತಿದರೆ ಹಣವಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಎಲ್ಲರೂ ಮಲಗಿದ ಮೇಲೆ ಮಾಡಬಹುದಾದ ಫೋನು ಅದು. ಬೆಳಗಾದರೆ ಮತ್ತೆ ಅದೇ ಕುರ್ಚಿ, ಅದೇ ಅಕ್ಕಪಕ್ಕದವರು.

ಹಾಗಾಗಿ, ಕಾವೇರಿಗೆ ಕೆಲಸ ಕೊಡಲಿಲ್ಲವೆಂದು ತ್ರಿವೇಣಿಯವರನ್ನು ದೂರುವವರಿಗೆ ನಾನು ಕೇಳುವುದು, ಎಂಥ ಕಛೇರಿಗೆ ಕಳಿಸುತ್ತಿದ್ದಿರಿ ಎಂದು. ನಮ್ಮ ಗುಮಾಸ್ತೆಯ ಅದೃಷ್ಟಕ್ಕೆ ಆರು ತಿಂಗಳ ಮೇಲೆ ಹೊಸ ಸಾಹೇಬರು ವರ್ಗವಾಗಿ ಬಂದರು. ಯಾರನ್ನೂ ಏನೂ ಕೇಳದೆ ಕ್ಯಾಶ್‌ಬುಕ್ಕನ್ನು ಮತ್ತೆ ಅವಳ ಮೇಜಿಗೆ ಕಳಿಸಿದರು. ಮೊದಲ ಸಂಜೆಯೇ ಲೆಕ್ಕದಲ್ಲಿ ಏಳು ರೂಪಾಯಿ ಹೆಚ್ಚು ಬಂತಂತೆ. "ಬನ್ನಿ, ನೋಡೋಣ" ಎಂದು ಅವರೂ ಕುರ್ಚಿ ಎಳೆದುಕೊಂಡು ಕೂತರಂತೆ.