ಗಾಜಿನ ಹಿಂದಿನ ಮುಖ

1799ರಲ್ಲಿ ಇಬ್ಬರು ನಾಯಕರು ಗತಿಸಿದರು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಕೋಟೆಯಲ್ಲಿ ಟಿಪ್ಪು ಸುಲ್ತಾನನು. ಡಿಸೆಂಬರಿನಲ್ಲಿ ಅಮೆರಿಕದ ಮೌಂಟ್ ವರ್ನನ್ನಿನಲ್ಲಿ ಜಾರ್ಜ್ ವಾಷಿಂಗ್ಟನ್ನನು. ಮೊದಲನೆಯವನ ಮುಖವನ್ನು ಲೋಕಕ್ಕೆ ತೋರಿಸಿದವರು ಬಹುಮಟ್ಟಿಗೆ ಗೆದ್ದವರ ಚಿತ್ರಕಾರರು. ಎರಡನೆಯವನ ಮುಖವನ್ನಾದರೋ ಅವನ ನಾಡಿನ ಸಾಮಾನ್ಯ ಜನರೇ ತಮಗೆ ತೋಚಿದಂತೆ ಬರೆದುಕೊಂಡರು, ಕೆತ್ತಿಕೊಂಡರು. ಶಾಲೆಯ ಬಾಲಕಿಯರು ರೇಷ್ಮೆಯ ಬಟ್ಟೆಯ ಮೇಲೆ ಅವನ ಸಮಾಧಿಯನ್ನೂ ಬಾಗಿದ ಮರವನ್ನೂ ಅಳುವ ಹೆಂಗಸನ್ನೂ ಹೆಣೆದರು. ಇಂದು ಶ್ರೀಮಂತ ಸಂಗ್ರಾಹಕರು ಹುಡುಕಿಕೊಂಡು ಹೋಗುವುದು ಇಂತಹವುಗಳನ್ನೇ.

ಈ ಮುಖಗಳಲ್ಲಿ ಹೋಲಿಕೆಯನ್ನು ಅರಸುವವರಿಗೆ ನಿರಾಶೆಯೇ ಗತಿ. ವಾಷಿಂಗ್ಟನ್ ಇರ್ವಿಂಗನು 1819ರಲ್ಲಿ ಪ್ರಕಟಿಸಿದ ರಿಪ್ ವ್ಯಾನ್ ವಿಂಕಲನ ಕಥೆಯನ್ನು ವಾಚಕರು ಬಲ್ಲರು. ಇಪ್ಪತ್ತು ವರ್ಷ ನಿದ್ರಿಸಿ ಎದ್ದವನು ಊರಿಗೆ ಮರಳಿದಾಗ ಪಾನಗೃಹದ ಫಲಕದಲ್ಲಿ ಜಾರ್ಜ್ ದೊರೆಯ ಅದೇ ಮುಖವಿದೆ; ಆದರೆ ಕೆಂಪು ಅಂಗಿ ನೀಲಿಯಾಗಿದೆ, ರಾಜದಂಡವು ಖಡ್ಗವಾಗಿದೆ, ಕೆಳಗೆ ವಾಷಿಂಗ್ಟನ್ನನ ಹೆಸರಿದೆ. ಇದು ಪರಿಹಾಸ್ಯವೇ ಸರಿ. ಆದರೂ ಜಾನಪದ ಭಾವಚಿತ್ರದ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರು ವಿರಳ.

ಇವೆಲ್ಲವುಗಳಲ್ಲಿ ವಿಚಿತ್ರವಾದದ್ದು ಗಾಜಿನ ವಾಷಿಂಗ್ಟನ್ನನ ವೃತ್ತಾಂತ. ಗಿಲ್ಬರ್ಟ್ ಸ್ಟುವರ್ಟನೆಂಬ ಪ್ರಸಿದ್ಧ ಚಿತ್ರಕಾರನು 1796ರಲ್ಲಿ ವಾಷಿಂಗ್ಟನ್ನನನ್ನು ಎದುರಿಗೆ ಕೂರಿಸಿಕೊಂಡು ಬರೆದ ಪಟವೊಂದನ್ನು ಬೇಕೆಂದೇ ಪೂರ್ಣಗೊಳಿಸದೆ ತನ್ನಲ್ಲಿಯೇ ಇರಿಸಿಕೊಂಡನು. ಅದರಿಂದ ಪ್ರತಿಗಳನ್ನು ತೆಗೆದು ನೂರು ಡಾಲರಿನಂತೆ ಮಾರುವುದು ಅವನ ಜೀವನೋಪಾಯವಾಯಿತು. ಫಿಲಡೆಲ್ಫಿಯದ ಜಾನ್ ಸ್ವೋರ್ಡ್ ಎಂಬ ಹಡಗಿನ ಕಪ್ತಾನನು ಅಂತಹ ಪ್ರತಿಯೊಂದನ್ನು ಚೀನದ ಕ್ಯಾಂಟನ್ನಿಗೆ ಒಯ್ದು, ಅಲ್ಲಿಯ ಕುಶಲಕರ್ಮಿಗಳಿಂದ ಗಾಜಿನ ಮೇಲೆ ನೂರು ಪ್ರತಿಗಳನ್ನು ಬರೆಯಿಸಿ ತಂದನು. ಸ್ಟುವರ್ಟನು 1802ರಲ್ಲಿ ನ್ಯಾಯಾಲಯದ ಮೊರೆಹೊಕ್ಕು ಮಾರಾಟಕ್ಕೆ ತಡೆಯಾಜ್ಞೆ ಪಡೆದನು. ಜನನಾಯಕನ ಮುಖವು ಯಾರ ಸ್ವತ್ತು ಎಂಬ ಪ್ರಶ್ನೆ ಅಂದೇ ಎದ್ದಿತ್ತೆಂಬುದು ಗಮನಾರ್ಹ.

ಗಾಜಿನ ಚಿತ್ರವು ತಿರುವುಮುರುವಾದ ವಿದ್ಯೆ. ಬಟ್ಟೆಯ ಮೇಲೆ ಬರೆಯುವವನು ಕಡೆಯಲ್ಲಿ ಇಡುವ ಕಣ್ಣಿನ ಹೊಳಪನ್ನು ಇವನು ಮೊದಲು ಇಡಬೇಕು. ಆಮೇಲೆ ಕಣ್ಣು, ಆಮೇಲೆ ಮುಖದ ಬಣ್ಣ, ಎಲ್ಲಕ್ಕೂ ಕೊನೆಗೆ ಹಿನ್ನೆಲೆ. ಎಡವು ಬಲವಾಗಿ ಕಾಣುವುದರಿಂದ ಮೂಲವನ್ನು ಮಗುಚಿ ಬರೆಯಬೇಕು. ಮೇಲೆ ಬಣ್ಣ ಬಳಿದ ಬಳಿಕ ತಪ್ಪನ್ನು ತಿದ್ದುವ ಅವಕಾಶವಿಲ್ಲ. ಕಣ್ಣಾರೆ ಕಾಣದ ಪರದೇಶದ ಮುಖಂಡನನ್ನು ಈ ಕ್ರಮದಲ್ಲಿ ನೂರು ಬಾರಿ ಬರೆದ ಕೈಗಳನ್ನು ಕೇವಲ ನಕಲುಗಾರರ ಕೈಗಳೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಇಂತಹ ಗಾಜಿನ ವಾಷಿಂಗ್ಟನ್ನರು ಇಂದು ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿ ಗೌರವದಿಂದ ನೇತಾಡುತ್ತಿದ್ದಾರೆ. ನ್ಯಾಯಾಲಯ ತಡೆದುದನ್ನು ಕಾಲವು ಅಮೂಲ್ಯವಾಗಿಸಿತು. ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ 1932ರಲ್ಲಿ ಹೋಲ್ಗರ್ ಕಾಹಿಲನು ಏರ್ಪಡಿಸಿದ ಜಾನಪದ ಕಲೆಯ ಪ್ರದರ್ಶನವು ಈ ಬಗೆಯ ಸಂಗ್ರಹಕ್ಕೆ ದೊಡ್ಡ ಪ್ರೇರಣೆಯಾಯಿತು. ಅದರ ಬಹುಪಾಲು ವಸ್ತುಗಳು ಆಬಿ ರಾಕ್‌ಫೆಲರ್ ಅವರ ಸಂಗ್ರಹದವು. ಆ ಸಂಗ್ರಹಕ್ಕಾಗಿಯೇ 1957ರಲ್ಲಿ ವಿಲಿಯಮ್ಸ್‌ಬರ್ಗಿನಲ್ಲಿ ಸಂಗ್ರಹಾಲಯವೇ ತೆರೆಯಿತು. ಕೂಲಿಕಾರನ ಕುಂಚವನ್ನು ಕಲೆಯ ಅಂಗಳಕ್ಕೆ ಕರೆತಂದ ಈ ಉಪಕಾರವನ್ನು ಮರೆಯಲಾಗದು. ಆದರೆ ಅಂದಿನಿಂದ ಸಂಗ್ರಾಹಕರು ಈ ಪಟಗಳಲ್ಲಿ ರೇಖೆಯ ಮುಗ್ಧತೆಯನ್ನೂ ಬಣ್ಣದ ಧೈರ್ಯವನ್ನೂ ಹೊಗಳುವುದರಲ್ಲಿಯೇ ತೃಪ್ತರಾದರು. ಯಾವ ಊರಿನ ಯಾವ ಗೋಡೆಯ ಮೇಲೆ, ಯಾರ ಕಣ್ಣೆದುರಿಗೆ ಅದು ಇತ್ತು? ಮನೆಯವರು ಅದನ್ನು ಏಕೆ ತೂಗುಹಾಕಿದರು? ಇದನ್ನು ಕೇಳದೆ ಕೊಂಡವನು ಬಣ್ಣವನ್ನು ಕೊಂಡನೇ ಹೊರತು ಭಾವಚಿತ್ರವನ್ನಲ್ಲ. ನಾಯಕನ ಚಿತ್ರದಲ್ಲಿ ಭಾವವು ಅರ್ಧ ಬರೆದವನದು, ಅರ್ಧ ಪಟವನ್ನು ದಿನವೂ ನೋಡಿದವರದು.

ಈ ಮಾತು ದೂರದೇಶಕ್ಕೆ ಮಾತ್ರ ಸಲ್ಲತಕ್ಕದ್ದಲ್ಲ. ಚೀನದ ಇದೇ ವಿದ್ಯೆ ಕಡಲ ವ್ಯಾಪಾರದ ಹಾದಿಯಲ್ಲಿ ಭಾರತಕ್ಕೂ ಬಂದು ತಂಜಾವೂರು, ಮೈಸೂರುಗಳಲ್ಲಿ ಬೇರೂರಿತು. ಹಳೆಯ ತೊಟ್ಟಿಮನೆಗಳು ಬಿದ್ದಂತೆ ನಮ್ಮ ಗಾಜಿನ ಪಟಗಳೂ ವ್ಯಾಪಾರಿಗಳ ಕೈಸೇರುತ್ತಿವೆ. ಪಟವನ್ನು ಕೊಡುವ ಮನೆಯ ಅಜ್ಜಿಯೊಡನೆ ಅರ್ಧ ತಾಸು ಕುಳಿತು, ಅವರು ಹೇಳಿದ್ದನ್ನು ಚೌಕಟ್ಟಿನ ಹಿಂಬದಿಯ ಹಲಗೆಗೆ ಒಂದು ಚೀಟಿಯಲ್ಲಿ ಅಂಟಿಸಿಡಲು ಖರ್ಚೇನೂ ತಗಲದು.