ಬಿಡುಗಡೆಯ ವರ್ಷ ಮತ್ತು ನಮ್ಮ ಖಾತೆಪುಸ್ತಕ

ಸಾಣಾಪುರದ ಸುತ್ತ ಎತ್ತಿನ ಬೇಸಾಯ ಉಳಿಸಿಕೊಂಡಿರುವ ಮನೆಗಳಲ್ಲಿ ಸೋಮವಾರ ಎತ್ತಿನ ಕೊರಳಿಗೆ ನೊಗವೇರುವುದಿಲ್ಲ. ಅದು ಬಸವಣ್ಣನ ವಾರ. ಅದೇ ದಿನ ಪಕ್ಕದ ಗದ್ದೆಯಲ್ಲಿ ನಾಟಿಯ ಹೆಣ್ಣಾಳುಗಳು ಕೆಸರಿನಲ್ಲಿ ಬಾಗಿ ನಿಂತಿರುತ್ತಾರೆ. ಎತ್ತಿಗೆ ದೊರೆತ ವಾರವು ಆಳಿಗೆ ಏಕೆ ದೊರೆಯಲಿಲ್ಲವೆಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಯೆಹೂದ್ಯರ ಪ್ರಾಚೀನ ಧರ್ಮಶಾಸ್ತ್ರವನ್ನು ಓದಿದರೆ, ಅಲ್ಲಿನ ವಿಶ್ರಾಂತಿಯ ವಿಧಿಗಳು ಬೇರೆಯೇ ಆಗಿ ಕಾಣುತ್ತವೆ. ಏಳನೆಯ ದಿನದ ವಿಶ್ರಾಂತಿಯು ಎತ್ತು ಕತ್ತೆಗಳಿಗೂ ದಾಸಿಯ ಮಗನಿಗೂ ಪರದೇಶಿಗೂ ಸಲ್ಲಬೇಕೆಂದು ವಿಮೋಚನಕಾಂಡವು ಒಂದೇ ಉಸಿರಿನಲ್ಲಿ ವಿಧಿಸುತ್ತದೆ.

ಈ ಗ್ರಂಥಗಳು ನಮ್ಮ ಸೀಮೆಗೆ ತೀರ ಅಪರಿಚಿತವಲ್ಲ. ಬೈಬಲ್ಲನ್ನು ಮೊದಲಿಗೆ ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ನೆಲೆಸಿದ್ದುದು ನೆರೆಯ ಬಳ್ಳಾರಿಯಲ್ಲಿ. ಆದರೂ ಶ್ರಾವಕರು ಅವನ್ನು ಓದುವುದು ವಿರಳ. ಅಲ್ಲಿರುವ ಪಶುಬಲಿಯ ವಿಧಿಗಳು ನಮ್ಮನ್ನು ಬಾಗಿಲಲ್ಲೇ ತಡೆಯುತ್ತವೆ, ಅದು ಸಹಜವೇ.

ವಾರದ ವಿಶ್ರಾಂತಿಯನ್ನೇ ಆ ಶಾಸ್ತ್ರವು ವರ್ಷಗಳಿಗೂ ವಿಸ್ತರಿಸಿತು. ಏಳನೆಯ ವರ್ಷ ಭೂಮಿಯನ್ನು ಉಳಬಾರದು, ಬಿತ್ತಬಾರದು. ತಾನಾಗಿ ಬೆಳೆದದ್ದು ಬಡವರಿಗೆ, ಉಳಿದದ್ದು ಕಾಡುಮೃಗಗಳಿಗೆ. ಧರ್ಮೋಪದೇಶಕಾಂಡದ ಪ್ರಕಾರ ಏಳೇಳು ವರ್ಷಗಳ ಕೊನೆಯಲ್ಲಿ ಸಾಲವೂ ಬಿಡುಗಡೆಯಾಗಬೇಕು. ಆರು ವರ್ಷ ದುಡಿದ ಹಿಬ್ರೂ ದಾಸನು ಏಳನೆಯ ವರ್ಷ ಸ್ವತಂತ್ರನು. ಅವನನ್ನು ಬರಿಗೈಯಲ್ಲಿ ಕಳುಹಿಸದೆ, ಹಿಂಡಿನಿಂದಲೂ ಕಣದಿಂದಲೂ ದ್ರಾಕ್ಷಾರಸದ ತೊಟ್ಟಿಯಿಂದಲೂ ಪಾಲು ಕೊಟ್ಟು ಕಳುಹಿಸಬೇಕು. ಯಾಜಕಕಾಂಡವು ಐವತ್ತನೆಯ ವರ್ಷವನ್ನು ಜೂಬಿಲಿ ಎಂದು ಸಾರಿ, ಮಾರಿಹೋದ ಹೊಲವು ಮೂಲ ಮನೆತನಕ್ಕೆ ಮರಳಬೇಕೆನ್ನುತ್ತದೆ. ಜೂಬಿಲಿಗೆ ಎಷ್ಟು ವರ್ಷಗಳು ಉಳಿದಿವೆಯೆಂದು ಎಣಿಸಿಯೇ ಹೊಲದ ಬೆಲೆ ಕಟ್ಟಬೇಕು. ಅರ್ಥಾತ್ ಅಲ್ಲಿ ಮಾರಾಟವಾಗುವುದು ಭೂಮಿಯಲ್ಲ, ಬೆಳೆಗಳ ಸಂಖ್ಯೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅದು ದೀರ್ಘಾವಧಿಯ ಗೇಣಿ.

ಜೂಬಿಲಿಯು ಆಚರಣೆಯಲ್ಲಿ ಎಂದಾದರೂ ಪೂರ್ಣವಾಗಿ ನಡೆಯಿತೇ ಎಂದು ವಿದ್ವಾಂಸರು ಶಂಕಿಸಿದ್ದಾರೆ. ಏಳನೆಯ ವರ್ಷದ ಬೀಳು ಮಾತ್ರ ನಡೆದದ್ದು ನಿಜ. ಆ ವರ್ಷ ಬೆಳೆಯಿಲ್ಲದ ಕಾರಣ ಮುತ್ತಿಗೆಗೊಳಗಾದ ಕೋಟೆಯವರು ಆಹಾರವಿಲ್ಲದೆ ಶರಣಾದ ಪ್ರಸಂಗವು ಮಕ್ಕಬಿಯರ ಇತಿಹಾಸದಲ್ಲಿದೆ.

ದೋಷಗಳನ್ನೂ ಹೇಳಲೇಬೇಕು. ಪರದೇಶಿಯಿಂದ ಸಾಲ ವಸೂಲು ಮಾಡಬಹುದು. ಅನ್ಯಜನಾಂಗದ ದಾಸರನ್ನು ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಬಹುದು. ವಾರದ ವಿಶ್ರಾಂತಿಯಲ್ಲಿ ಪರದೇಶಿಯನ್ನು ನೆನೆದ ಶಾಸ್ತ್ರವೇ ಬಿಡುಗಡೆಯಲ್ಲಿ ಅವನನ್ನು ಮರೆಯಿತು. ಆದರೆ ಈ ಮಾತನ್ನು ನಾವು ಹೆಮ್ಮೆಯಿಂದ ಹೇಳುವಂತಿಲ್ಲ. ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ದಾಸೀ-ದಾಸರನ್ನು ಹೊಲ-ಮನೆ, ಬೆಳ್ಳಿ-ಬಂಗಾರ, ಧನ-ಧಾನ್ಯಗಳ ಸಾಲಿನಲ್ಲಿಯೇ ಎಣಿಸುತ್ತದೆ. ಸಂಖ್ಯೆಗೆ ಮಿತಿಯಿದೆ, ಬಿಡುಗಡೆಗೆ ದಿನಾಂಕವಿಲ್ಲ.

ದಿನಾಂಕವೇ ಯೆಹೂದ್ಯ ವಿಧಿಯ ಬಲ, ಅದರ ದೌರ್ಬಲ್ಯವೂ ಹೌದು. ನಮ್ಮ ಲೇವಾದೇವಿಯ ಬಂಧುವೊಬ್ಬರಿಗೆ ಇದನ್ನು ಓದಿ ಹೇಳಿದರೆ, ಆರನೆಯ ವರ್ಷವೇ ಅಂಗಡಿ ಮುಚ್ಚುತ್ತೇನೆ ಎಂದಾರು. ಶಾಸ್ತ್ರಕಾರನು ಇದನ್ನು ಮೊದಲೇ ಊಹಿಸಿ, ಏಳನೆಯ ವರ್ಷ ಸಮೀಪಿಸಿತೆಂದು ಬಡವನಿಗೆ ಕೊಡದಿರುವುದು ಪಾಪವೆಂದು ಎಚ್ಚರಿಸಿದ್ದಾನೆ. ಎಚ್ಚರಿಕೆ ಸಾಲಲಿಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಹಿಲ್ಲೆಲ್ ಎಂಬ ಆಚಾರ್ಯನು, ಸಾಲಪತ್ರವನ್ನು ನ್ಯಾಯಸಭೆಗೆ ಒಪ್ಪಿಸಿದರೆ ಅದು ರದ್ದಾಗದೆಂಬ 'ಪ್ರೊಸ್ಬೋಲ್' ಏರ್ಪಾಡನ್ನು ಮಾಡಿದನು. ಬಡವನಿಗೆ ಸಾಲ ಮತ್ತೆ ದೊರೆಯಿತು, ಬಿಡುಗಡೆ ಹೋಯಿತು. ಇದನ್ನು ಕೇವಲ ಕುಯುಕ್ತಿಯೆಂದು ತಳ್ಳಿಹಾಕುವುದು ನನಗೆ ಸರಿಕಾಣದು. ಬಿತ್ತನೆಯ ಕಾಲಕ್ಕೆ ಕೈಗಡ ಸಿಗದ ರೈತನ ಪಾಡು ಹಿಲ್ಲೆಲ್‌ನಿಗೆ ತಿಳಿದಿತ್ತು.

ನಮ್ಮ ರಾಜ್ಯದಲ್ಲಿ ಬಿಡುಗಡೆಯು ರಾಜಶಾಸನವಾಗಿ ಬಂದಿತು. 1976ರಲ್ಲಿ ಕೇಂದ್ರದ ಜೀತಪದ್ಧತಿ ರದ್ದತಿ ಕಾಯಿದೆಯೂ ದೇವರಾಜ ಅರಸರ ಸರ್ಕಾರದ ಋಣಪರಿಹಾರ ಕಾಯಿದೆಯೂ ಬಂದವು. ಇನ್ನೊಂದು ಋಣಪರಿಹಾರ ಕಾಯಿದೆ 2019ರಲ್ಲಿ ಜಾರಿಗೊಂಡಿತು. ಜೀತದಿಂದ ಬಿಟ್ಟವನ ಕೈಗೆ ಏನಾದರೂ ಕೊಡುವ ಕೇಂದ್ರದ ಪುನರ್ವಸತಿ ಯೋಜನೆ ಬಂದುದು ಎರಡು ವರ್ಷ ತಡವಾಗಿ, 1978ರಲ್ಲಿ. ಕಣದ ಪಾಲನ್ನು ಬಿಡುಗಡೆಯ ದಿನವೇ ಕೊಡಬೇಕೆಂದ ಪ್ರಾಚೀನ ವಿಧಿಯು ಈ ಒಂದು ಅಂಶದಲ್ಲಿ ಹೆಚ್ಚು ವಿವೇಕಯುತವಾಗಿದೆ.

ಭೂಮಿಯ ವಿಷಯವೂ ಹಾಗೆಯೇ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿ ಸೀಮೆಯ ಗದ್ದೆಗಳು ವರ್ಷಕ್ಕೆ ಎರಡು ಭತ್ತ ಬೆಳೆಯುತ್ತಿವೆ. ಸವಳು-ಜವಳಿನಿಂದ ಕೆಟ್ಟ ನೆಲವೂ ಅಚ್ಚುಕಟ್ಟಿನಲ್ಲಿದೆ. 2023ರ ಬರದಿಂದಾಗಿ ಎರಡನೆಯ ಬೆಳೆಗೆ ನೀರು ದೊರೆಯದೆ ಗದ್ದೆಗಳು ಬೀಳುಬಿದ್ದವು. ಅದು ಬಲವಂತದ ವಿಶ್ರಾಂತಿ. ಕೂಲಿಯವರಿಗೆ ಗದ್ದೆಯ ಕೆಲಸ ತಪ್ಪಿತು, ಆದರೆ ದಲ್ಲಾಳಿ ಅಂಗಡಿಯ ಮುಂಗಡಕ್ಕೆ ಬಡ್ಡಿ ಓಡುವುದು ತಪ್ಪಲಿಲ್ಲ. ಸಾಲವನ್ನು ಬಿಡದೆ ಭೂಮಿಯನ್ನು ಮಾತ್ರ ಬಿಟ್ಟರೆ ಏನಾಗುವುದೆಂದು ಯಾಜಕಕಾಂಡದ ಓದುಗನು ಇಲ್ಲಿ ಬಂದು ನೋಡಬಹುದಾಗಿತ್ತು.

ಭೂಮಿ ದೇವರದು, ಆದ್ದರಿಂದ ಬಿಡಬೇಕೆಂಬುದು ಆ ಶಾಸ್ತ್ರದ ವಾದ. ಸೃಷ್ಟಿಕರ್ತನನ್ನು ಒಪ್ಪದ ನಮಗೆ ಈ ಆಧಾರವಿಲ್ಲ. ಪರಿಗ್ರಹವೇ ಬಂಧಕಾರಣವೆಂಬ ನಮ್ಮ ಆಧಾರವು ಇದಕ್ಕಿಂತ ದುರ್ಬಲವೇನೂ ಅಲ್ಲ. ಕೊರತೆ ಬೇರೆಡೆ ಇದೆ. ಜೂಬಿಲಿಯ ಕೊಂಬನ್ನು ಊದಬೇಕಾದದ್ದು ಯೆಹೂದ್ಯರ ಪ್ರಾಯಶ್ಚಿತ್ತದ ದಿನ. ಪಾಪಕ್ಷಮೆಯೂ ಹೊಲದ ಮರಳಿಕೆಯೂ ಒಂದೇ ದಿನದ ಕಾರ್ಯಗಳು. ದಶಲಕ್ಷಣ ಪರ್ವದ ಬಳಿಕ ನಾವೂ ಕ್ಷಮಾವಾಣಿಯಂದು ಕೈಮುಗಿದು ಪರಸ್ಪರ ಕ್ಷಮೆ ಬೇಡುತ್ತೇವೆ. ಕೀರ್ದಿ ಪುಸ್ತಕವನ್ನು ಆ ದಿನ ತೆರೆಯುವುದಿಲ್ಲ. ಬಸದಿಯ ಭೂಮಿಯನ್ನು ಗೇಣಿಗೆ ಕೊಟ್ಟಿರುವ, ನಿಧಿಯನ್ನು ಬಡ್ಡಿಗೆ ಬಿಟ್ಟಿರುವ ಟ್ರಸ್ಟುಗಳು, ಹಲವು ವರ್ಷಗಳಿಂದ ತೀರದೆ ಉಳಿದ ಬಾಕಿಯ ಪಟ್ಟಿಯನ್ನು ಮುಂದಿನ ಕ್ಷಮಾವಾಣಿಯ ಸಭೆಯ ಮುಂದೆ ಓದಬಹುದೇ? ಯಾವ ಬಾಕಿಯನ್ನು ಬಿಡುವುದೆಂದು ಸಭೆಯೇ ತೀರ್ಮಾನಿಸಲಿ. ಹಿಲ್ಲೆಲ್ ಎದುರಿಸಿದ ತೊಡಕು ಅಲ್ಲಿಯೂ ಏಳದಿರದು. ಆ ಚರ್ಚೆಯನ್ನು ಸದಸ್ಯರು ಹೆದರದೆ ನಡೆಸಬೇಕು.